ನಮ್ಮ ಫುಟ್‌ಬಾಲ್ ತಂಡ ಬೇರೆ ಹೋದದ್ದು

ಸಿಟ್ಟು ಬಂದಾಗ ಬಾಯಿಗೆ ಬರುವ ಮಾತುಗಳಲ್ಲಿ ಎಲ್ಲಕ್ಕಿಂತ ಸುಲಭದ್ದು "ನಾವು ಬೇರೆ ಹೋಗ್ತೀವಿ" ಎಂಬುದು. ಅದಕ್ಕೆ ಯಾವ ಸಿದ್ಧತೆಯೂ ಬೇಡ. ಎದ್ದು ನಿಂತರೆ ಸಾಕು, ಸೆರಗು ಸರಿಮಾಡಿಕೊಂಡರೆ ಇನ್ನೂ ಚೆನ್ನ. ನಮ್ಮ ಹೊಳೆನರಸೀಪುರದ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಈ ಮಾತನ್ನು ಎಷ್ಟೋ ಬಾರಿ ಕೇಳಿದ್ದೇನೆ. ಹೇಳಿದವರ ಮುಖದಲ್ಲಿ ಆ ಕ್ಷಣಕ್ಕೆ ಒಂದು ಕಳೆ ಇರುತ್ತದೆ. ಮಾರನೆಯ ಬೆಳಿಗ್ಗೆ ಇಬ್ಬರಿಗೇ ಆಗುವಷ್ಟು ಸಾರು ಮಾಡುವುದು ಹೇಗೆ ಎಂದು ಪಾತ್ರೆ ಹುಡುಕುವ ಹೊತ್ತಿಗೆ ಆ ಕಳೆ ಇಳಿದಿರುತ್ತದೆ. ನಾನಂತೂ ನನ್ನ ಸಂಸಾರದಲ್ಲಿ ಈ ಮಾತನ್ನು ಒಮ್ಮೆಯೂ ಆಡಿದವಳಲ್ಲ. ಮದುವೆಯಾದಾಗಿನಿಂದ ಅತ್ತೆಯವರ ಜೊತೆಯಲ್ಲೇ ಇದ್ದೇನೆ. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ಎಂಬುದನ್ನು ಕೂಡ ಒಬ್ಬಳೇ ತೀರ್ಮಾನಿಸಿದ ನೆನಪಿಲ್ಲ. ಅಂಥವಳು ಹಾಸನದ ಮೈದಾನದಲ್ಲಿ, ನಾಲ್ಕು ಕಾಲೇಜಿನವರ ಎದುರಿಗೆ ನಿಂತು ಆ ಮಾತನ್ನು ಆಡಿಬಿಟ್ಟೆ. ಅದೂ ನನಗೆ ತಲೆಬುಡ ತಿಳಿಯದ ಫುಟ್‌ಬಾಲಿನ ವಿಷಯದಲ್ಲಿ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳು. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ದಿನ ಪ್ರಾಂಶುಪಾಲರು ಕರೆದು, ನೀವು ಬೆಳಿಗ್ಗೆ ವಾಕಿಂಗ್ ಹೋಗುವುದನ್ನು ನೋಡಿದ್ದೇನೆ, ಕ್ರೀಡೆಯಲ್ಲಿ ನಿಮಗೆ ಆಸಕ್ತಿ ಇದೆ ಎಂದರು. ಡಾಕ್ಟರು ಹೇಳಿದ್ದಕ್ಕೆ ನಡೆಯುತ್ತಿದ್ದೇನೆ, ಆಸಕ್ತಿಯಿಂದಲ್ಲ ಎಂದು ನಾನು ಹೇಳುವಷ್ಟರಲ್ಲಿ ಫುಟ್‌ಬಾಲ್ ತಂಡ ನನ್ನ ಕೊರಳಿಗೆ ಬಿದ್ದಿತ್ತು. ತಂಡದ ನಾಯಕ ಹಳೇಕೋಟೆಯ ಯೋಗೇಶ. ಮಾತುಗಾರ, ಉಪಕಾರಿ. ಆಫ್‌ಸೈಡ್ ಎಂದರೇನು ಎಂಬುದನ್ನು ಮೇಜಿನ ಮೇಲೆ ಡಸ್ಟರು, ಚಾಕ್‌ಪೀಸುಗಳನ್ನಿಟ್ಟು ನನಗೆ ಎಷ್ಟೋ ಸಲ ವಿವರಿಸಿದ. ನಾನು ತಲೆಯಾಡಿಸುತ್ತಿದ್ದೆ. ತರಗತಿಯಲ್ಲಿ ನನ್ನ ಎದುರಿಗೆ ಕೂತು ಹುಡುಗರು ತಲೆಯಾಡಿಸುವುದರ ಅರ್ಥ ನನಗೆ ಆಗಲೇ ಚೆನ್ನಾಗಿ ತಿಳಿದದ್ದು. ಕೊನೆಗೆ ಅವನೇ, ಹೋಗಲಿ ಬಿಡಿ ಮೇಡಂ, ರೆಫ್ರಿಗಳಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ ಎಂದು ನನಗೆ ಸಮಾಧಾನ ಹೇಳಿದ.

ಗೋಲ್‌ಕೀಪರ್ ನಂದೀಶ ಇದಕ್ಕೆ ತೀರಾ ವಿರುದ್ಧ. ಉದ್ದನೆಯ ಹುಡುಗ, ಕೊನೆಯ ವರ್ಷದ ಬಿ.ಎ. ಹಾಜರಿ ಕರೆದಾಗ "ಎಸ್" ಎನ್ನುವುದನ್ನು ಬಿಟ್ಟರೆ ಅವನ ಧ್ವನಿಯನ್ನು ಕೇಳಿದವರು ಕಡಿಮೆ. ಗೋಲಿನ ಮುಂದೆ ನಿಂತಾಗ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ಆಗ ಅಲ್ಲಿಂದ ಇಡೀ ತಂಡವನ್ನು ಎತ್ತು ಹೊಡೆದ ಹಾಗೆ ಕೂಗಿನಲ್ಲೇ ಹೊಡೆಯುತ್ತಿದ್ದ. ಇವರೆಲ್ಲ ಒಕ್ಕಲು ಮನೆಯ ಮಕ್ಕಳು. ಬೆಳಿಗ್ಗೆ ಎದ್ದು ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಆಮೇಲೆ ಬಸ್ಸು ಹತ್ತುವವರು. ಎಲ್ಲಿಗೆ ಹೋದರೂ ಸ್ವಲ್ಪ ತಡ. ಹಸುಗಳಿಗೆ ಗಡಿಯಾರ ಬರುವುದಿಲ್ಲವಲ್ಲ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಮತ್ತು ನಾವು, ಈ ನಾಲ್ಕು ಊರಿನ ಕಾಲೇಜುಗಳು ಸೇರಿ ಒಂದು ಫುಟ್‌ಬಾಲ್ ಕೂಟ ಮಾಡಿಕೊಂಡಿದ್ದವು. ವರ್ಷವೂ ತಮ್ಮತಮ್ಮಲ್ಲೇ ಆಡುವುದು, ಗೆದ್ದವರಿಗೆ ಒಂದು ಕಪ್ಪು, ಉಳಿದವರಿಗೆ ಚಿತ್ರಾನ್ನ. ಕೂಟದ ಕಾರ್ಯದರ್ಶಿ ಹಾಸನದ ಪರಮೇಶಿ ಸರ್. ಮೆತ್ತಗಿನ ಮಾತಿನ ಮನುಷ್ಯ. ಯಾರಿಗೂ ಎದುರು ಮಾತಾಡುತ್ತಿರಲಿಲ್ಲ, ಆದರೆ ಎಲ್ಲವೂ ಅವರು ಹೇಳಿದಂತೆಯೇ ನಡೆಯುತ್ತಿತ್ತು. ಪಂದ್ಯಗಳೆಲ್ಲ ಹಾಸನದಲ್ಲೇ. ಅದೂ ಬೆಳಿಗ್ಗೆ ಬೇಗ. ಸ್ವಲ್ಪ ತಡವಾಗಿ ಇಟ್ಟುಕೊಂಡರೆ ಹಾಲು ಕರೆದು ಬರುವವರಿಗೆ ಅನುಕೂಲವಾಗುತ್ತದೆ ಎಂದು ನಾನು ಎರಡು ಸಲ ಕೇಳಿದ್ದೆ. ನೋಡೋಣ ಮೇಡಂ ಎಂದಿದ್ದರು. ನಮ್ಮ ಕಡೆ "ನೋಡೋಣ" ಎಂದರೆ ನೋಡುವುದಿಲ್ಲ ಎಂದು ಅರ್ಥ.

ಆ ದಿನ ನಮಗೂ ಚನ್ನರಾಯಪಟ್ಟಣಕ್ಕೂ ಪಂದ್ಯ. ಹುಡುಗರೆಲ್ಲ ಎಂದೂ ಇಲ್ಲದಂತೆ ಸಮಯಕ್ಕೆ ಸರಿಯಾಗಿ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ನಂದೀಶ ಮನೆಯಿಂದಲೇ ಕೈಗವಸು ಹಾಕಿಕೊಂಡು ಬಂದಿದ್ದ. ಆದರೆ ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಒಂದು ಗೂಡ್ಸ್ ಗಾಡಿ ಹೋಯಿತು. ಗೇಟು ತೆಗೆಯಲಿಲ್ಲ. ಇನ್ನೊಂದು ಬರುತ್ತದೆ ಎಂದರು. ಅದು ಬರುವವರೆಗೆ ಬಸ್ಸಿನಲ್ಲಿದ್ದವರೆಲ್ಲ ಇಳಿದು ಕಡಲೆಕಾಯಿ ತಿಂದರು. ನಾವು ಮೈದಾನಕ್ಕೆ ಓಡಿಕೊಂಡು ಹೋಗುವ ಹೊತ್ತಿಗೆ ಪಂದ್ಯ ಮುಗಿದಿತ್ತು, ಅಂದರೆ ಆಡದೆಯೇ ಮುಗಿದಿತ್ತು. ನಾವು ಬರಲಿಲ್ಲವೆಂದು ಚನ್ನರಾಯಪಟ್ಟಣಕ್ಕೆ ವಾಕೋವರ್ ಕೊಟ್ಟಿದ್ದರು. ಅದಕ್ಕೂ ಒಂದು ಶಾಸ್ತ್ರವಿದೆಯಂತೆ. ಗೆದ್ದ ತಂಡದ ನಾಯಕ ಖಾಲಿ ಗೋಲಿಗೆ ಒಂದು ಸಲ ಚೆಂಡನ್ನು ಒದೆಯಬೇಕು. ನಾವು ಗೇಟಿನೊಳಗೆ ಕಾಲಿಟ್ಟಾಗ ಅದೇ ನಡೆಯುತ್ತಿತ್ತು. ಆ ಹುಡುಗನಿಗೂ ನಾಚಿಕೆಯಾಗಿರಬೇಕು, ನಮ್ಮನ್ನು ನೋಡಿ ಒಂದು ಕ್ಷಣ ತಡೆದ. ರೆಫ್ರಿ ಒದೆ ಎಂದರು. ಅವನು ಚೆಂಡನ್ನು ಮೆಲ್ಲಗೆ, ಮಗುವಿಗೆ ಉರುಳಿಸಿದ ಹಾಗೆ ಒದ್ದ.

ಆಗ ನನ್ನ ಪಕ್ಕದಿಂದ ಏನೋ ಹಾರಿದಂತಾಯಿತು. ನಂದೀಶ. ಬ್ಯಾಗನ್ನು ಎಸೆದು, ಅರ್ಧ ಮೈದಾನವನ್ನು ಅಡ್ಡಲಾಗಿ ಓಡಿ, ಗೆರೆ ದಾಟುವುದರಲ್ಲಿದ್ದ ಚೆಂಡಿನ ಮೇಲೆ ಬಿದ್ದು ಅದನ್ನು ಅಪ್ಪಿಕೊಂಡುಬಿಟ್ಟ.

ವಾಕೋವರ್ ಗೋಲನ್ನು ತಡೆದರೆ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಇಬ್ಬರು ಮೇಷ್ಟ್ರುಗಳು ಅಲ್ಲೇ ವಾದಕ್ಕಿಳಿದರು. ಗೋಲು ಆಗದಿದ್ದರೆ ಗೆಲುವು ಹೇಗೆ ಎಂದು ಒಬ್ಬರು, ಆಡದಿದ್ದರೆ ತಡೆದದ್ದು ಹೇಗೆ ಎಂದು ಇನ್ನೊಬ್ಬರು. ಅರಕಲಗೂಡಿನ ಹುಡುಗರು ಚಪ್ಪಾಳೆ ಹೊಡೆಯುತ್ತ ನಗುತ್ತಿದ್ದರು. ನಗದೆ ಇದ್ದವರು ಪರಮೇಶಿ ಸರ್ ಒಬ್ಬರೇ. ಯಾಕಪ್ಪಾ ಹೀಗೆ ಮಾಡಿದೆ ಎಂದು ನಂದೀಶನನ್ನು ಕೇಳಿದರು. ಅವನು ಚೆಂಡನ್ನು ಇನ್ನೂ ಎದೆಗೆ ಒತ್ತಿಕೊಂಡೇ ಇದ್ದ.

"ಬಾಲು ಬತ್ತಾ ಇತ್ತು ಸಾ, ಇಡ್ಕಂಡೆ. ಬುಡಕ್ಕೆ ಗೊತ್ತಾಗ್ನಿಲ್ಲ."

ನನಗೆ ಅದು ಪೂರ್ತಿ ಉತ್ತರವಾಗಿ ಕಂಡಿತು. ಪರಮೇಶಿ ಸರ್‌ಗೆ ಹಾಗೆ ಕಾಣಲಿಲ್ಲ. ಇದು ಅಶಿಸ್ತು, ಹುಡುಗ ಎಲ್ಲರೆದುರು ಕ್ಷಮೆ ಕೇಳಬೇಕು, ಈ ವರ್ಷದ ಉಳಿದ ಪಂದ್ಯಗಳಲ್ಲಿ ಅವನು ಆಡಕೂಡದು ಎಂದರು. ನಂದೀಶನ ಕಿವಿ ಕೆಂಪಾಯಿತು. ಅವನು ಚೆಂಡನ್ನು ಮೆಲ್ಲಗೆ ನೆಲಕ್ಕಿಟ್ಟ. ಇಟ್ಟ ರೀತಿ ನೋಡಿ ನನಗೆ ಏನಾಯಿತೋ ತಿಳಿಯದು. ಸೆರಗು ಸರಿಮಾಡಿಕೊಂಡೆ.

"ಹಾಗಾದ್ರೆ ನಾವು ನಿಮ್ಮ ಕೂಟದಲ್ಲಿ ಇರೋದಿಲ್ಲ ಸರ್. ನಾವು ಬೇರೆ ಹೋಗ್ತೀವಿ."

ವಾಪಸು ಬರುವಾಗ ಬಸ್ಸಿನಲ್ಲಿ ಹಬ್ಬ. ನಾವೀಗ ಸ್ವತಂತ್ರ ತಂಡ ಎಂದು ಯೋಗೇಶ ಕಂಡಕ್ಟರಿಗೆ ಹೇಳಿದ. ಕಂಡಕ್ಟರು, ಸ್ವತಂತ್ರರಾದರೂ ಹಿಂದಕ್ಕೆ ಸರಿದು ನಿಲ್ಲಿ ಎಂದರು. ಪ್ರಾಂಶುಪಾಲರು ಕೂಡ ಬೈಯಲಿಲ್ಲ. ಅವರಿಗೆ ಹಾಸನದ ಮೇಲೆ ಮೊದಲಿನಿಂದಲೂ ಏನೋ ಒಂದು ಮುನಿಸು ಇತ್ತು. ಮನೆಯಲ್ಲಿ ಮಾತ್ರ ನನ್ನ ವೀರಗಾಥೆ ನಡೆಯಲಿಲ್ಲ. ಯಜಮಾನರು ಎಲ್ಲವನ್ನೂ ಕೇಳಿ, ಇನ್ನು ಯಾರ ಜೊತೆ ಆಡುತ್ತೀರಿ ಎಂದು ಒಂದೇ ಪ್ರಶ್ನೆ ಕೇಳಿದರು. ನಾನು ಅದನ್ನು ಯೋಚಿಸಿರಲಿಲ್ಲ. ಅತ್ತೆಯವರು ಅವರೆಕಾಯಿ ಸುಲಿಯುತ್ತಿದ್ದರು. ಮೂರು ಜನ ವಾರಗಿತ್ತಿಯರ ಜೊತೆ ಬಾಳಿ, ಪಾಲಾಗಿ ಬಂದವರು.

"ಬ್ಯಾರೆ ಓಗದು ಸುಲಭ ಕಣವ್ವ," ಎಂದರು. "ಬಂದ್ ಮಾರ್ನೆ ದಿನ ಒಲೆ ಹಚ್ಚಕ್ಕೆ ಬೆಂಕಿ ಬೇಕು ಅಂದ್ರೆ ಅವ್ರ ಮನೆ ಬಾಗ್ಲಿಗೇ ಓಗ್ಬೇಕು."

ಅದರ ಅರ್ಥ ನನಗೆ ಮುಂದಿನ ವಾರದಿಂದ ತಿಳಿಯತೊಡಗಿತು. ಅರಕಲಗೂಡಿಗೆ ಫೋನು ಮಾಡಿದೆ. ಅಲ್ಲಿಯ ಮೇಷ್ಟ್ರು ನನ್ನ ಆರೋಗ್ಯ, ಮನೆಯವರ ಆರೋಗ್ಯ, ಅತ್ತೆಯವರ ಮಂಡಿನೋವು ಎಲ್ಲವನ್ನೂ ವಿಚಾರಿಸಿ, ಪಂದ್ಯದ ಮಾತು ಬಂದ ಕೂಡಲೇ ಸಿಗ್ನಲ್ ಇಲ್ಲ ಎಂದರು. ಚನ್ನರಾಯಪಟ್ಟಣದವರು ಸತ್ಯ ಹೇಳಿದರು. ಕೂಟದಲ್ಲಿ ಇಲ್ಲದವರ ಜೊತೆ ಆಡಬೇಕಾದರೆ ಕಾರ್ಯದರ್ಶಿಯ ಒಪ್ಪಿಗೆ ಬೇಕಂತೆ. ಅಂದರೆ ಪರಮೇಶಿ ಸರ್ ಒಪ್ಪಿಗೆ. ಅದನ್ನು ಕೇಳುವ ಮುಖ ನನಗೆ ಇರಲಿಲ್ಲ.

ಕೊನೆಗೆ ಯೋಗೇಶ ತನ್ನ ನೆಂಟರ ಮೂಲಕ ಸಾಲಗಾಮೆಯ ಯುವಕರನ್ನು ಒಪ್ಪಿಸಿದ. ಅವರು ಬಂದರು, ಚೆನ್ನಾಗಿಯೂ ಆಡಿದರು. ಆದರೆ ಅವರು ಮೂಲತಃ ಕಬಡ್ಡಿಯವರು. ನಮ್ಮ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಹೊರಟರೆ ಮೂವರು ಸೇರಿ ಅವನ ಕಣಕಾಲು ಹಿಡಿದು ಕೂರಿಸುತ್ತಿದ್ದರು. ತಪ್ಪೆಂದು ಹೇಳಿದರೆ ಬಿಟ್ಟು ಮೈ ಕೊಡವಿ, ಅಭ್ಯಾಸಬಲ ಮೇಡಂ ಎಂದು ನಗುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಆಮೇಲೆ ಬಸ್ ಡಿಪೋದ ನೌಕರರ ಜೊತೆ ಒಂದು ಪಂದ್ಯ. ಅವರು ನಿಜವಾಗಿಯೂ ಆಡಬಲ್ಲವರು. ಆದರೆ ಅರ್ಧ ಆಟ ಮುಗಿಯುವ ಹೊತ್ತಿಗೆ ಕೆಲವರಿಗೆ ಡ್ಯೂಟಿ ಬಂತು. ಗೋಲ್‌ಕೀಪರೇ ಸಕಲೇಶಪುರದ ಗಾಡಿ ಹತ್ತಿ ಹೊರಟುಬಿಟ್ಟರು. ಲೆಕ್ಕ ಸರಿಮಾಡಲು ನಮ್ಮವರೇ ಕೆಲವರನ್ನು ಅವರ ಕಡೆಗೆ ಕೊಟ್ಟೆವು. ಹಾಗೆ ಕೊಟ್ಟವರೇ ನಮ್ಮ ಮೇಲೆ ಗೋಲು ಹೊಡೆದರು. ಸ್ವಾತಂತ್ರ್ಯ ಬಂದ ಮೇಲೆ ನಾವು ಕಂಡ ಮೊದಲ ಸೋಲು ನಮ್ಮವರಿಂದಲೇ ಆದದ್ದು.

ನಗುತ್ತ ಹೇಳುತ್ತಿದ್ದೇನೆ, ಆದರೆ ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ. ಅಭ್ಯಾಸಕ್ಕೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಮುಂದೆ ಪಂದ್ಯವಿಲ್ಲ ಎಂದ ಮೇಲೆ ಹಾಲು ಹಾಕಿ ಓಡೋಡಿ ಬರುವುದು ಯಾಕೆ? ನಂದೀಶನಂತೂ ಮೈದಾನದ ಕಡೆ ತಲೆಹಾಕುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಆ ಬಾಗಿಲಲ್ಲಿ ಅವನು ಹೇಗೂ ತಲೆ ಬಗ್ಗಿಸಬೇಕು, ಆದರೆ ಅವತ್ತು ಒಳಗೆ ಬಂದ ಮೇಲೂ ಎತ್ತಲಿಲ್ಲ. ತನ್ನಿಂದ ಎಲ್ಲರ ಆಟ ನಿಂತಿತು, ಹಾಸನಕ್ಕೆ ಹೋಗಿ ಪರಮೇಶಿ ಸರ್ ಕಾಲು ಹಿಡಿಯುತ್ತೇನೆ ಎಂದ.

"ನನ್ನೊಬ್ಬನ್ನ ತೆಗ್ದಾಕ್ಬುಡಿ ಮೇಡಂ. ಅವರಾದ್ರೂ ಆಡ್ಕಳ್ಳಿ."

ಅವನು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಚೆಂಡು ಹಿಡಿದದ್ದು ಅವನು ನಿಜ. ಆದರೆ ಕೂಟ ಬಿಟ್ಟದ್ದು ಅವನಲ್ಲವಲ್ಲ. ನನ್ನ ಅಭಿಮಾನದ ಭಾರವನ್ನು ಈ ಹುಡುಗ ಹೊತ್ತುಕೊಂಡು ತಿರುಗುತ್ತಿದ್ದಾನೆ ಎಂದು ಹೊಳೆದು ಸಂಕಟವಾಯಿತು. ನೀನು ಎಲ್ಲಿಗೂ ಹೋಗಬೇಡ, ನಾನು ಹೋಗುತ್ತೇನೆ ಎಂದೆ.

ಭಾನುವಾರ ಹಾಸನಕ್ಕೆ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ಹೋದೆ. ಪರಮೇಶಿ ಸರ್ ಮನೆಯ ಮುಂದೆ ಬನಿಯನ್ನಿನಲ್ಲಿ ನಿಂತು ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಒಳಗೋಡಿ ಶರ್ಟು ಹಾಕಿಕೊಂಡು ಬಂದರು. ಅಷ್ಟರಲ್ಲಿ ನಾನು ಗಿಡ ನೋಡಿದ್ದೆ. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟಿನ ಹುಳು. ಜೋಡಿಸಿಕೊಂಡು ಬಂದದ್ದೆಲ್ಲ ಮರೆತು, ಬೇವಿನೆಣ್ಣೆ ಸಿಂಪಡಿಸಿ ಸರ್ ಎಂದೆ. ಅವರು ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದರು. ಹೀಗೆ ದಾಸವಾಳದಿಂದ ನಮ್ಮ ಸಂಧಾನ ಶುರುವಾಯಿತು.

ಕಾಫಿ ಕುಡಿಯುತ್ತ ಅವರು ಹೇಳಿದ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ಮೈದಾನ ಅವರ ಕಾಲೇಜಿನದಲ್ಲವಂತೆ. ವರ್ಷವೂ ಬೇರೆಯವರ ಬಳಿ ಹೋಗಿ ಕೇಳಿಕೊಳ್ಳಬೇಕು. ಬಿಸಿಲೇರುವ ಮೊದಲು ಖಾಲಿ ಮಾಡಿ ಕೊಡಬೇಕು, ಇಲ್ಲದಿದ್ದರೆ ಮುಂದಿನ ಸಲ ಕೊಡುವುದಿಲ್ಲ. ಅದಕ್ಕೇ ಬೆಳಿಗ್ಗೆ ಬೇಗ, ಅದಕ್ಕೇ ತಡವಾದವರಿಗೆ ಕಾಯುವಂತಿಲ್ಲ. ಇದನ್ನು ನಮಗೆ ಯಾಕೆ ಹೇಳಲಿಲ್ಲ ಎಂದೆ. ಅವರು ಲೋಟ ಕೆಳಗಿಟ್ಟರು.

"ನಾನೂ ಇನ್ನೊಬ್ರ ಅಂಗಳದಲ್ಲಿ ಆಡ್ಸೋನು ಮೇಡಮ್ನೋರೆ. ಅದನ್ನ ನಿಮ್ಮುಂದೆಲ್ಲ ಹೇಳ್ಕೊಂಡ್ರೆ ಕಾರ್ಯದರ್ಶಿ ಅಂತ ಯಾರು ಅಂತಾರೆ?"

ಆಮೇಲೆ ತಾವೇ ನಂದೀಶನ ಮಾತೆತ್ತಿದರು. ಸಿಟ್ಟಿನಲ್ಲಿ ತಾವೊಂದು ಅಂದದ್ದು, ನಾನೊಂದು ಅಂದದ್ದು ಆಯಿತು, ಆದರೆ ಆ ಹುಡುಗ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ ಎಂದರು. ತಮ್ಮ ಇಷ್ಟು ವರ್ಷದ ಸರ್ವಿಸಿನಲ್ಲಿ ವಾಕೋವರ್ ಗೋಲು ಹಿಡಿದವನನ್ನು ಕಂಡದ್ದು ಅದೊಂದೇ ಸಲವಂತೆ. ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಅವತ್ತು ಮೈದಾನದಲ್ಲಿ ತಡೆದುಕೊಂಡಿದ್ದ ನಗೆಯೆಲ್ಲ ಈಗ ಬಂದ ಹಾಗಿತ್ತು. ಕೂಟಕ್ಕೆ ಮರಳುವುದಾದರೆ ಮುಂದಿನ ವರ್ಷವೇ ಆಗಬೇಕು, ಅದನ್ನು ಹುಡುಗರನ್ನೇ ಕೇಳಿ ತೀರ್ಮಾನಿಸಿ ಎಂದರು. ಅಲ್ಲಿಯವರೆಗೆ ಸ್ನೇಹದ ಪಂದ್ಯಕ್ಕೆ ತಮ್ಮ ಒಪ್ಪಿಗೆ ಇದೆ. ಚನ್ನರಾಯಪಟ್ಟಣದ ನಾಯಕ ಆಗಲೇ ಎರಡು ಸಲ ಬಂದು ಕೇಳಿದ್ದಾನೆ, ಅವನಿಗೆ ಆ ಗೆಲುವು ರುಚಿಸಿಲ್ಲ. ಸೀಟಿ ಊದಲು ತಾವೇ ಬರುವುದಾಗಿಯೂ ಹೇಳಿದರು. ಅತ್ತೆಯವರು ಹೇಳಿದ್ದ ಬೆಂಕಿ ಸಿಕ್ಕಿತು ಎಂದುಕೊಂಡು ಎದ್ದೆ.

ಪಂದ್ಯ ನಡೆದದ್ದು ಹಳೇಕೋಟೆಯಲ್ಲಿ, ಯೋಗೇಶನ ಮನೆಯವರ ಕುಯ್ಲಾದ ಗದ್ದೆಯಲ್ಲಿ. ಅವನ ತಂದೆ ಟ್ರಾಕ್ಟರಿನಲ್ಲಿ ಕೂಳೆಯನ್ನೆಲ್ಲ ಮಟ್ಟಮಾಡಿಸಿದ್ದರು. ನೀಲಗಿರಿ ಗಳುಗಳ ಗೋಲು, ಬದುವಿನ ಮೇಲೆ ಕೂತ ಊರಿನ ಜನ. ಸುದ್ದಿ ಹೇಗೋ ಹರಡಿ, ಚೆಂಡು ಹಿಡಿದ ಹುಡುಗ ಯಾರು ಎಂದು ನೋಡಲು ಸುತ್ತಲಿನವರು ಬಂದಿದ್ದರು. ಅತ್ತೆಯವರೂ ಬಂದರು. ಅವರಿಗೆ ಅಲ್ಲಿ ನೆಂಟರಿದ್ದಾರೆ. ಸ್ವಲ್ಪ ಹೊತ್ತು ನೋಡಿ, ಎಲ್ಲರೂ ಕಾಲಲ್ಲಿ ಒದೆಯುತ್ತಿರುವಾಗ ಆ ಉದ್ದನೆಯವನೊಬ್ಬನೇ ಯಾಕೆ ಕೈಯಲ್ಲಿ ಮುಟ್ಟುವುದು ಎಂದು ಕೇಳಿದರು. ಕೊನೆಗೆ ತಡೆಯುವವನು ಅವನೇ, ಅದಕ್ಕೆ ಎಂದೆ. ಅವರು ಎಲೆಯಡಿಕೆ ಹಾಕಿಕೊಂಡು ಯೋಚಿಸಿದರು.

"ಅಂಗಾರೆ ಪಾಪ, ಯಾರು ತಪ್ಪು ಮಾಡಿದ್ರೂ ಅವನ ಮ್ಯಾಲೇ ಬತ್ತದೆ."

ಅಷ್ಟು ದಿನ ಡಸ್ಟರು ಚಾಕ್‌ಪೀಸಿನಿಂದ ನನಗೆ ಅರ್ಥವಾಗದ ಆಟ ಆ ಒಂದು ಮಾತಿನಿಂದ ಸ್ವಲ್ಪ ಅರ್ಥವಾಯಿತು.

ಆಟ ಸಮಸಮವಾಗಿ ನಡೆದಿತ್ತು. ಮುಗಿಯುವುದಕ್ಕೆ ಸ್ವಲ್ಪ ಮುಂಚೆ ನಮ್ಮವನೊಬ್ಬ ಎದುರಾಳಿಯನ್ನು ತಪ್ಪಾಗಿ ತಡೆದ. ಪರಮೇಶಿ ಸರ್ ಮುಲಾಜಿಲ್ಲದೆ ಸೀಟಿ ಊದಿ ಪೆನಾಲ್ಟಿ ಕೊಟ್ಟರು. ಒದೆಯಲು ಬಂದವನು ಅದೇ ಚನ್ನರಾಯಪಟ್ಟಣದ ನಾಯಕ, ಎದುರಿಗೆ ನಂದೀಶ. ಬದುವಿನ ಮೇಲಿನವರೆಲ್ಲ ಎದ್ದು ನಿಂತರು. ನಾನು ಕಣ್ಣು ಮುಚ್ಚಿಕೊಂಡೆ, ಆಮೇಲೆ ಒಂದು ಕಣ್ಣು ತೆರೆದೆ. ಆ ಹುಡುಗ ಈ ಸಲ ಮೆಲ್ಲಗೆ ಒದೆಯಲಿಲ್ಲ. ಮೈಯ ಬಲವನ್ನೆಲ್ಲ ಕಾಲಿಗೆ ತಂದು ಒದ್ದ. ನಂದೀಶ ಸರಿಯಾದ ಕಡೆಗೇ ಹಾರಿದ, ಬೆರಳ ತುದಿಯೂ ತಾಗಿತು, ಆದರೂ ಚೆಂಡು ಒಳಗೆ ಹೋಗಿ ಹಿಂದಿನ ಕಾಲುವೆಯಲ್ಲಿ ಬಿತ್ತು. ನಾವು ಸೋತೆವು. ನಂದೀಶ ಬಿದ್ದಲ್ಲೇ ಮಲಗಿದ್ದ. ಅಳುತ್ತಿದ್ದಾನೆಂದು ಓಡಿಹೋದೆ. ಹತ್ತಿರ ಹೋದರೆ ಆಕಾಶ ನೋಡಿಕೊಂಡು ನಗುತ್ತಿದ್ದ. ಮೈಯೆಲ್ಲ ಗದ್ದೆಯ ಮಣ್ಣು.

"ಈಗ ಸರ್ಯಾಗಿ ಒದ್ದ ಮೇಡಂ," ಎಂದ.

ಅವತ್ತು ಎರಡೂ ತಂಡಗಳು ಒಂದೇ ಪಂಕ್ತಿಯಲ್ಲಿ ಕೂತು ಮುದ್ದೆ, ಅವರೆಕಾಳು ಸಾರು ಉಂಡವು. ಪರಮೇಶಿ ಸರ್ ಎರಡು ಸಲ ಸಾರು ಹಾಕಿಸಿಕೊಂಡರು.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಸಂತೋಷದಿಂದ ಇರುತ್ತಿದ್ದೆ. ಆದರೆ ಸ್ವಾತಂತ್ರ್ಯದ ರುಚಿ ಒಮ್ಮೆ ಹತ್ತಿದರೆ ಅದು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಆ ಪಂದ್ಯದ ನಂತರ ಹುಡುಗರು ತಾವೇ ಫೋನಿನಲ್ಲಿ ಮಾತಾಡಿಕೊಂಡು ಪಂದ್ಯ ಗೊತ್ತುಮಾಡತೊಡಗಿದರು. ಕೂಟಕ್ಕೆ ಮರಳುವುದನ್ನು ಮುಂದಿನ ವರ್ಷದವರು ನೋಡಿಕೊಳ್ಳಲಿ, ಈ ವರ್ಷ ಹೀಗೇ ಇರೋಣ ಎಂದು ಅವರೇ ತೀರ್ಮಾನಿಸಿ ನನಗೆ ತಿಳಿಸಿದರು. ಒಂದು ದಿನ ಯೋಗೇಶ ಸ್ಟಾಫ್ ರೂಮಿಗೆ ಬಂದು ಬಹಳ ಹೊತ್ತು ಬಿಸಿಲಿನ ವಿಷಯ ಮಾತಾಡಿದ. ನಿಮಗೆ ಬಿಸಿಲು ಆಗುವುದಿಲ್ಲ ಮೇಡಂ, ತುಂಬ ಶ್ರಮವಾಗುತ್ತದೆ ಎಂದ. ಆಮೇಲೆ ನಾನು ಗೆರೆಯ ಆಚೆ ನಿಂತು ಕೂಗುವುದರಿಂದ ಹುಡುಗರಿಗೆ ಸ್ವಲ್ಪ ಗಲಿಬಿಲಿಯಾಗುತ್ತದೆ ಎಂದ. ಹಿಂದಿನ ಪಂದ್ಯದಲ್ಲಿ ನಾನು "ಹಿಡಿ ಹಿಡಿ" ಎಂದು ಕೂಗಿದ್ದಕ್ಕೆ ಗೋಲ್‌ಕೀಪರ್ ಅಲ್ಲದವನೊಬ್ಬ ಚೆಂಡನ್ನು ಕೈಯಲ್ಲಿ ಹಿಡಿದಿದ್ದನಂತೆ. ಒಟ್ಟಿನಲ್ಲಿ ಅರಕಲಗೂಡಿನ ಪಂದ್ಯಕ್ಕೆ ನಾನು ಬರದಿದ್ದರೂ ನಡೆಯುತ್ತದೆ, ತಾವೇ ನೋಡಿಕೊಳ್ಳುತ್ತಾರಂತೆ.

ಬಹಳ ಸಂತೋಷ ಎಂದೆ. ಮನೆಗೆ ಬಂದೆ. ಬೇರೆ ಹೋಗುವವರು ಕೈಬಿಟ್ಟು ಹೋದಾಗ ಉಳಿದವರಿಗೆ ಹೇಗಿರುತ್ತದೆ ಎಂದು ಈಗ ತಿಳಿಯುತ್ತಿತ್ತು. ಕೇಳುವವರು ಬೇಕೆಂದು ಪರಮೇಶಿ ಸರ್‌ಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ, ನೋಡೋಣ ಮೇಡಂ ಎಂದರು.

ಪಂದ್ಯದ ದಿನ ನಾನು ಅರಕಲಗೂಡಿನಲ್ಲಿ ಇದ್ದೆ. ಪಂದ್ಯಕ್ಕಲ್ಲ. ಸಸ್ಯಶಾಸ್ತ್ರದವರು ಮಾದರಿ ಸಂಗ್ರಹಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು, ಅಲ್ಲಿ ಮೈದಾನದ ಬೇಲಿಯ ಹತ್ತಿರ ಗಿಡಗಳು ಸೊಂಪಾಗಿದ್ದವು, ಅಷ್ಟೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗಿಡ ಹಿಡಿದು, ಬೇಲಿಯ ಸಂದಿಯಿಂದ ಗಿಡಗಳನ್ನು ಗಮನಿಸುತ್ತ ನಿಂತಿದ್ದೆ. ಅರ್ಧ ಆಟಕ್ಕೆ ಬಿಟ್ಟಾಗ ನಂದೀಶ ನೇರವಾಗಿ ನನ್ನ ಕಡೆಗೇ ನಡೆದು ಬಂದ. ಗೋಲಿನ ಮುಂದೆ ನಿಂತವನಿಗೆ ಎಲ್ಲವೂ ಕಾಣುತ್ತದೆಯಂತೆ. ನಾನು ಯಾಕೆ ಅಲ್ಲಿದ್ದೇನೆ ಎಂದು ಅವನು ಕೇಳಲಿಲ್ಲ. ನನ್ನ ಕೈಯಲ್ಲಿದ್ದುದನ್ನು ನೋಡಿದ.

"ಅದು ಪಾರ್ಥೇನಿಯಂ ಮೇಡಂ. ಕೈ ನವೆ ಬತ್ತದೆ, ಬುಟ್ಬುಡಿ."

ಗೊತ್ತು, ನಾನೇ ಅದರ ಪಾಠ ಮಾಡುವವಳು ಎಂದೆ. ಅವನು ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೆರೆಯ ಪಕ್ಕದ ನೆರಳಿನಲ್ಲಿ ಹಾಕಿದ. ನಾನು ತಂಡದ ಜೊತೆ ಬಂದವಳಲ್ಲ, ಸ್ವತಂತ್ರವಾಗಿ ಬಂದಿದ್ದೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಹೋಗಿ ಕೂತುಕೊಂಡೆ. ಆಟ ಮುಗಿಯುವವರೆಗೂ ಒಂದು ಮಾತೂ ಕೂಗಲಿಲ್ಲ. ಬಾಯಿ ಮುಚ್ಚಿಕೊಂಡು ಅಂಗೈ ಕೆರೆದುಕೊಳ್ಳುತ್ತಿದ್ದೆ.